ಆನೆ ದಾಟಿದ ಮೇಲೆ ಆಟ

ಕಳೆದ ಮಾಗಿಯಲ್ಲಿ ಆಲೂರು ತಾಲ್ಲೂಕಿನ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಒಂದು ಸಂಜೆ, ಐದೂವರೆಯ ಹೊತ್ತು. ಅಕ್ಕನ ಮೊಮ್ಮಗ, ಆರನೇ ಕ್ಲಾಸಿನ ಹುಡುಗ, ಸ್ಕೂಲ್ ವ್ಯಾನಿನಿಂದ ಇಳಿದವನೇ ಬ್ಯಾಗನ್ನು ಜಗಲಿಗೆ ಎಸೆದು, ಕಂಬದ ಸಂದಿಯಲ್ಲಿಟ್ಟಿದ್ದ ಬ್ಯಾಟು ಎತ್ತಿಕೊಂಡ. ಅಂಗಳ ದಾಟಿ ಗೇಟಿನ ಚಿಲಕಕ್ಕೆ ಕೈ ಹಾಕಿದ್ದ, ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಲ್ಲಿದ್ದ ಫೋನು ಟಿಣ್ ಎಂದಿತು. ಅಕ್ಕ ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ಓದಿದಳು. ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದ ಸುದ್ದಿ: ಏಳು ಆನೆ, ಎರಡು ಮರಿ, ಕೆರೆ ಏರಿಯ ಮೇಲಿನ ತೋಟದಲ್ಲಿವೆ, ಕೆಲಸದವರು ಬೇಗ ಮನೆ ಸೇರಿಕೊಳ್ಳಿ.

"ಬಾರೋ ಒಳಗೆ. ಆನೆ ಬಂದವಂತೆ."

ಹುಡುಗ ಒಂದು ಮಾತೂ ಆಡಲಿಲ್ಲ. ಮಳೆ ಬಂದರೆ ಒಣಹಾಕಿದ ಬಟ್ಟೆ ಎತ್ತಿಕೊಂಡು ಬರುವಷ್ಟೇ ಸಹಜವಾಗಿ ಹಿಂದಿರುಗಿ, ಬ್ಯಾಟನ್ನು ಮತ್ತೆ ಕಂಬದ ಸಂದಿಗೆ ಸೇರಿಸಿದ. ಅಜ್ಜಿಯ ಕೈಯಿಂದ ಅದೇ ಫೋನನ್ನು ಇಸಕೊಂಡು ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕುಳಿತ. ಇಣುಕಿ ನೋಡಿದೆ. ಪರದೆಯ ಮೇಲೆ ಕ್ರಿಕೆಟ್ ಆಟವೇ ನಡೆದಿತ್ತು, ಹೆಬ್ಬೆರಳಿನಲ್ಲಿ.

"ನೋಡು, ಮೂರು ಹೊತ್ತೂ ಮೊಬೈಲೇ ಇವನಿಗೆ," ಎಂದಳು ಅಕ್ಕ.

ಈ ದೂರನ್ನು ಕೇಳದ ಮನೆಯಿಲ್ಲ. ಶಾಲಾ ವಾರ್ಷಿಕೋತ್ಸವದ ಭಾಷಣದಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ಭಾನುವಾರದ ಪುರವಣಿಯಲ್ಲಿ ಅದೇ ಮಾತು: ಮೊಬೈಲ್ ಬಂತು, ಮಕ್ಕಳು ಒಳಗೆ ಸೇರಿದರು. ಆ ಸಂಜೆ ನಾನು ಕಣ್ಣಾರೆ ಕಂಡ ಕ್ರಮ ಮಾತ್ರ ಇದಕ್ಕೆ ತಿರುಗುಮುರುಗಾಗಿತ್ತು. ಹುಡುಗ ಮೊದಲು ಹೊರಟದ್ದು ಬ್ಯಾಟು ಹಿಡಿದು. ಹೊರಗು ಮುಚ್ಚಿದ ಮೇಲೆ ಕೈಗೆ ಬಂದದ್ದು ಫೋನು. ಹೊರಗೆ ಹೋಗಬಹುದೋ ಬೇಡವೋ ಎಂದು ತೀರ್ಪು ಕೊಟ್ಟದ್ದೂ ಆ ಫೋನೇ ಎನ್ನುವುದು ಈ ಕಾಲದ ಒಂದು ಕುಚೋದ್ಯ. ಆಲೂರಿನ ಆ ಜಗಲಿಯಲ್ಲಿ ಕುಳಿತು ಯೋಚಿಸಿದಷ್ಟೂ ನನಗೆ ಗಟ್ಟಿಯಾದ ಅನುಮಾನ ಇದು: ಮಕ್ಕಳನ್ನು ಹೊರಗಿನಿಂದ ಬಿಡಿಸಿದ್ದು ಮೊಬೈಲಲ್ಲ. ನಾವು ದೊಡ್ಡವರು ಒಂದೊಂದಾಗಿ ಮಾಡಿಕೊಂಡ ತೀರ್ಮಾನಗಳು ಹೊರಗನ್ನು ಖಾಲಿ ಮಾಡಿದವು. ಮೊಬೈಲು ತೆರವಾದ ಜಾಗಕ್ಕೆ ಬಂದು ಕೂತಿತು, ಅಷ್ಟೆ.

ಆ ತೀರ್ಮಾನಗಳಲ್ಲಿ ಮೊದಲನೆಯದು ಗದ್ದೆಯದು. ಆಟದ ಮಾತಿನಲ್ಲಿ ಗದ್ದೆ ಯಾಕೆ ಬಂತು ಎಂದು ಬಯಲುಸೀಮೆಯವರು ಕೇಳಬಹುದು. ಆಲೂರು ಹಾಸನದಿಂದ ಹದಿಮೂರು ಕಿಲೋಮೀಟರ್ ಆಸುಪಾಸಿನಲ್ಲಿ, ಬಯಲು ಮುಗಿದು ಮಲೆನಾಡು ಶುರುವಾಗುವ ಹೊಸ್ತಿಲಿನಲ್ಲಿದೆ. ಅಲ್ಲಿಂದ ಪಡುವಣಕ್ಕೆ ಪಾಳ್ಯ, ಬಾಳ್ಳುಪೇಟೆ ದಾಟಿ ಸಕಲೇಶಪುರ ಮುಟ್ಟುವಷ್ಟರಲ್ಲಿ ನೆಲ ಸುಕ್ಕುಗಟ್ಟುತ್ತದೆ. ಹೆತ್ತೂರು, ಬಿಸಿಲೆಯ ಕಡೆ ಹೋದರಂತೂ ಒಂದು ಚೆಂಡು ಕೈಜಾರಿದರೆ ಹಿಡಿಯಲು ಕಣಿವೆಗೆ ಇಳಿಯಬೇಕು. ಇಂಥ ಊರುಗಳಲ್ಲಿ ಸಮತಟ್ಟಾದ ನೆಲ ಎಂದರೆ ಒಂದೇ: ಎರಡು ದಿಬ್ಬಗಳ ನಡುವೆ, ನೀರು ನಿಲ್ಲಲೆಂದು ಹಳಬರು ತಲೆಮಾರುಗಟ್ಟಲೆ ಮಣ್ಣು ಹೊತ್ತು ಮಟ್ಟ ಮಾಡಿದ ಗದ್ದೆಬಯಲು.

ನಮ್ಮ ಕಾಲದಲ್ಲಿ ಮಳೆಗಾಲದಲ್ಲಿ ನಾಟಿ, ಮಾಗಿಯಲ್ಲಿ ಕೊಯ್ಲು. ಹುಲ್ಲಿನ ಕಂತೆ ಬಣವೆ ಸೇರಿದ ಮರುದಿನವೇ ಗದ್ದೆಯ ಯಜಮಾನಿಕೆ ಹುಡುಗರಿಗೆ ವರ್ಗವಾಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಯಾರೂ ಕೊಡುತ್ತಲೂ ಇರಲಿಲ್ಲ. ಕೂಳೆ ಅಂಗಾಲಿಗೆ ಚುಚ್ಚುತ್ತದೆ. ಆದ್ದರಿಂದ ಮೊದಲ ವಾರ ಆಟವೇ ಇಲ್ಲ, ಹದಿನೈದಿಪ್ಪತ್ತು ಹುಡುಗರು ಸಾಲಾಗಿ ನಿಂತು ಕೂಳೆ ತುಳಿಯುವುದೇ ಕೆಲಸ. ಗುದ್ದಲಿ ತಂದು ಇಪ್ಪತ್ತೆರಡು ಹೆಜ್ಜೆ ಕೆತ್ತಿ, ನೀರು ಚಿಮುಕಿಸಿ, ಮರದ ತುಂಡಿನಿಂದ ಬಡಿದರೆ ಪಿಚ್ಚು. ತೆಂಗಿನ ಮಟ್ಟೆ ಕೆತ್ತಿದರೆ ಬ್ಯಾಟು. ಬದುವಿನಾಚೆ ಬಿದ್ದರೆ ನಾಲ್ಕು, ಹಳ್ಳ ದಾಟಿದರೆ ಔಟು, ಏಕೆಂದರೆ ಚೆಂಡು ಒಂದೇ ಇತ್ತು. ಜನವರಿಯಿಂದ ಮುಂಗಾರಿನ ತನಕ ಹೀಗೆ ಐದು ತಿಂಗಳು. ಸರ್ಕಾರದ ಯಾವ ಇಲಾಖೆಯ ಲೆಕ್ಕದಲ್ಲೂ ಬಾರದ ಆಟದ ಮೈದಾನ ಅದು. ಪ್ರತಿ ಊರಿಗೂ ಒಂದಿತ್ತು.

ಈಗ ಅಕ್ಕನ ಊರಿನ ಗದ್ದೆಬಯಲಿನಲ್ಲಿ ನಿಂತು ನೋಡಿದರೆ ಅರ್ಧ ಅಡಿಕೆ, ಕಾಲುಭಾಗ ಶುಂಠಿ, ಉಳಿದದ್ದು ಬೀಳು. ಭತ್ತ ಬಿಟ್ಟವರನ್ನು ಬೈಯುವ ಹಾಗಿಲ್ಲ. ನಾಟಿಗೆ ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಟ್ಟು ಉಳಿಯುವುದಿಲ್ಲ, ಇಷ್ಟೆಲ್ಲ ಮಾಡಿ ತೆನೆ ಹಾಲುಗಟ್ಟಿದಾಗ ಆನೆ ಬಂದು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ಶುಂಠಿಗೆ ಗದ್ದೆಯನ್ನು ಗುತ್ತಿಗೆ ಕೊಟ್ಟರೆ ಕೂತಲ್ಲಿಗೇ ಹಣ ಬರುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಶುಂಠಿ ಕಿತ್ತ ಗದ್ದೆ ಮಡಿ ಮಡಿಯಾಗಿ, ಮೊಣಕಾಲುದ್ದ ಕಾಲುವೆಯಾಗಿ ಬಿದ್ದಿರುತ್ತದೆ. ಅದರಲ್ಲಿ ಓಡಿದರೆ ಕಾಲು ಮುರಿಯುತ್ತದೆ. ಅಡಿಕೆ ಸಸಿ ಇಟ್ಟ ಗದ್ದೆಗೆ ಬೇಲಿ ಬೀಳುತ್ತದೆ. ಗದ್ದೆಯನ್ನು ತೋಟ ಮಾಡುವ ದಿನ ಯಾವ ಅಪ್ಪನೂ, ಮಗನ ಆಟದ ಬಯಲಿಗೆ ಬೇಲಿ ಹಾಕುತ್ತಿದ್ದೇನೆ ಎಂದು ಅಂದುಕೊಂಡಿರಲಾರ. ಹೊರಗು ಹೋದದ್ದೇ ಹೀಗೆ, ಯಾರೂ ಕಿತ್ತುಕೊಳ್ಳದೆ.

ಇನ್ನೊಂದು ಕಡೆಯಿಂದ ಹೋದದ್ದು ಜೊತೆಗಾರರು. ಆಟಕ್ಕೆ ನೆಲಕ್ಕಿಂತ ಮುಖ್ಯ ಬೇಕಾದದ್ದು ಇನ್ನೊಂದಿಷ್ಟು ಮಕ್ಕಳು. ಅಕ್ಕನ ಊರಿನಲ್ಲಿ ಇಪ್ಪತ್ತೆಂಟು ಮನೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಅಕ್ಕ ಬೆರಳು ಮಡಚಿ ಎಣಿಸಿದಳು. ಒಂಬತ್ತು. ಆ ಒಂಬತ್ತು ಮಕ್ಕಳು ನಾಲ್ಕು ಶಾಲೆಗೆ ಹೋಗುತ್ತಾರೆ, ಮೂರು ಬಣ್ಣದ ಸಮವಸ್ತ್ರ. ಹಾಸನದ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಬೆಳಿಗ್ಗೆ ಏಳೂಕಾಲಿಗೆ ಬಂದರೆ ಸಂಜೆ ಐದೂಕಾಲಿಗೆ ಬಿಡುತ್ತದೆ. ಸುತ್ತಿ ಬಳಸಿ ಎಲ್ಲರನ್ನೂ ತುಂಬಿಕೊಂಡು ಹೋಗಬೇಕಲ್ಲ, ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ. ಊರಿನ ಸರ್ಕಾರಿ ಶಾಲೆಯಲ್ಲಿ ಉಳಿದಿರುವ ಮಕ್ಕಳ ಸಂಖ್ಯೆಯಲ್ಲಿ ಒಂದು ಕಬಡ್ಡಿ ತಂಡ ಕಟ್ಟುವುದೂ ಕಷ್ಟ. ನಾವು ಮೂರು ಮೈಲಿ ನಡೆದು ಶಾಲೆಗೆ ಹೋದದ್ದನ್ನು ಈಗಿನ ಮಕ್ಕಳ ಮುಂದೆ ದೊಡ್ಡದಾಗಿ ಹೇಳಿಕೊಳ್ಳುತ್ತೇವೆ. ಆ ಮೂರು ಮೈಲಿ ನಡೆದದ್ದು ಶಾಲೆಗಾಗಿ ಅಲ್ಲ, ದಾರಿಯ ಸೀಬೆಮರಕ್ಕಾಗಿ, ಹಳ್ಳದ ಏಡಿಗಾಗಿ, ಗುಂಪಿಗಾಗಿ ಎಂಬುದನ್ನು ಹೇಳುವುದಿಲ್ಲ. ಒಬ್ಬನೇ ಹುಡುಗನನ್ನು ಅದೇ ದಾರಿಯಲ್ಲಿ ಇಂದು ಬಿಟ್ಟರೆ ಅದು ಶಿಕ್ಷೆ.

2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಕಡೆಯ ರಸ್ತೆಗಳಲ್ಲಿ ಸಂಜೆ ನಾಲ್ಕೂವರೆಗೆ ಸೈಕಲ್ಲುಗಳ ಮೆರವಣಿಗೆಯೇ ಇರುತ್ತಿತ್ತು. ಏರಿನಲ್ಲಿ ಇಳಿದು ತಳ್ಳುತ್ತ, ಇಳಿಜಾರಿನಲ್ಲಿ ಕೂಗುತ್ತ ಹೋಗುವ ಹುಡುಗಿಯರ ಗುಂಪು. ಕೊರೊನಾ ಬಂದ ವರ್ಷ ಆ ಸೈಕಲ್ ನಿಂತಿತು. ಶಾಲೆಗೆ ಬರುವ ಅನುಕೂಲ ಎಂದು ಕೊಟ್ಟ ಆ ಸೈಕಲ್ಲು ನಿಜಕ್ಕೂ ಕೊಟ್ಟದ್ದು ದಿನಕ್ಕೆ ಒಂದು ಗಂಟೆಯ ಬಯಲನ್ನು, ಅದರಲ್ಲೂ ಹೆಣ್ಣುಮಕ್ಕಳಿಗೆ. ಅದನ್ನು ಕ್ರೀಡಾ ಯೋಜನೆ ಎಂದು ಯಾರೂ ಕರೆದಿರಲಿಲ್ಲ.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಲಗೋರಿ, ಚಿನ್ನಿದಾಂಡು, ಮರಕೋತಿ ಎಂದು ಪಟ್ಟಿ ಹಾಕಿ, ಆ ಕಾಲವೇ ಚೆನ್ನಾಗಿತ್ತು ಎಂದು ಉಸಿರು ಬಿಡುವ ಲೇಖನಗಳ ಬಗ್ಗೆ ನನಗೆ ತಕರಾರಿದೆ. ಗದ್ದೆಯಲ್ಲಿ ಕೂಳೆ ತುಳಿದ ಆ ಹದಿನೈದಿಪ್ಪತ್ತು ಜನರಲ್ಲಿ ನನ್ನ ಅಕ್ಕ ಇರಲಿಲ್ಲ. ಅವಳ ಹೊರಗು ಎಂದರೆ ಬಾವಿ, ಸೌದೆ, ಸಗಣಿ. ದೊಡ್ಡವಳಾದ ಮೇಲೆ ಅದೂ ಅಳತೆಗೆ ಸಿಕ್ಕಿತು. ತೋಟದ ಕೂಲಿಯವರಿರುವ ಲೈನ್ ಮನೆಗಳ ಮಕ್ಕಳು ನಮ್ಮೊಂದಿಗೆ ಆಡಿದ್ದೂ ಕಡಿಮೆ. ಕಾಫಿ ಕುಯ್ಯುವಾಗ ಉದುರಿದ ಹಣ್ಣು ಹೆಕ್ಕಲು ಅವರು ಅಮ್ಮನ ಜೊತೆ ಹೋಗಿರುತ್ತಿದ್ದರು. ಮೈ ಚುರುಕಾಗಿಯೇ ಇತ್ತು, ಅದನ್ನು ಆಟವೆಂದು ಕರೆಯಲು ಬಾಯಿ ಬರುವುದಿಲ್ಲ.

ಇದು ನಮ್ಮೂರಿನ ಮಾತಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 146 ದೇಶಗಳ 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಕೂಡಿಸಿ 2019ರಲ್ಲಿ ಒಂದು ವರದಿ ಪ್ರಕಟಿಸಿದರು. 11ರಿಂದ 17ರ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ದಿನಕ್ಕೆ ಬೇಕಾದ ಒಂದು ಗಂಟೆಯ ಮೈದಣಿವೂ ಇಲ್ಲ ಎಂಬುದು ಅದರ ಸಾರ. ಹುಡುಗಿಯರಲ್ಲಿ 85, ಹುಡುಗರಲ್ಲಿ 78. ಪತ್ರಿಕೆಗಳು ಇಷ್ಟನ್ನು ಬರೆದವು. ವರದಿಯ ಒಳಗೆ ಇನ್ನೊಂದು ಮಾತಿತ್ತು: ಬಾಂಗ್ಲಾದೇಶ ಮತ್ತು ಭಾರತದ ಮಕ್ಕಳ ಸ್ಥಿತಿ ಉಳಿದ ಹಲವು ದೇಶಗಳಿಗಿಂತ ವಾಸಿ. ಯಾಕಿರಬಹುದು ಎಂದು ಸಂಶೋಧಕರು ಕೊಟ್ಟ ಕಾರಣ ನೋಡಿ: ಹುಡುಗರಾದರೆ ಕೇರಿಯಲ್ಲಿ ತಮ್ಮಷ್ಟಕ್ಕೆ ಆಡುವ ಕ್ರಿಕೆಟ್, ಹುಡುಗಿಯರಾದರೆ ಮನೆಗೆಲಸ. ಅಂಕಿ ಅಂಶದಲ್ಲಿ ಎರಡೂ ಚಟುವಟಿಕೆಯೇ. ಒಬ್ಬರ ಲೆಕ್ಕಕ್ಕೆ ಬಯಲು, ಇನ್ನೊಬ್ಬರ ಲೆಕ್ಕಕ್ಕೆ ಹಿತ್ತಲು. ಹೊರಗನ್ನು ಮರಳಿ ಕಟ್ಟಬೇಕು ಎನ್ನುವಾಗ ಹಳೆಯದನ್ನೇ ಹಾಗೇ ತಂದು ನಿಲ್ಲಿಸುವುದು ನನ್ನ ಉದ್ದೇಶವಲ್ಲ.

ಹೊರಗು ಬೇಕೇ ಬೇಕೇ ಎಂದು ಕೇಳುವವರಿದ್ದಾರೆ. ಮನೆಯೊಳಗೇ ಯೋಗ ಮಾಡಿಸಿದರಾಗದೇ, ಕರಾಟೆ ಕ್ಲಾಸಿಗೆ ಕಳಿಸಿದರಾಗದೇ? ಮೈ ದಣಿಯುವುದಕ್ಕೆ ಅದೂ ಆದೀತು. ಕಣ್ಣಿಗೆ ಆಗುವುದಿಲ್ಲ. ಚೀನಾದ ಗುವಾಂಗ್‌ಝೌ ನಗರದ ಹನ್ನೆರಡು ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನವೂ ಹೆಚ್ಚುವರಿಯಾಗಿ 40 ನಿಮಿಷ ಬಯಲಿನಲ್ಲಿ ಪಾಠವೋ ಆಟವೋ ಇಟ್ಟರು, ಉಳಿದ ಶಾಲೆಗಳು ಎಂದಿನಂತೆ ನಡೆದವು. ಮೂರು ವರ್ಷದ ನಂತರ ಎಂದಿನಂತೆ ನಡೆದ ಶಾಲೆಗಳಲ್ಲಿ ನೂರಕ್ಕೆ 39.5 ಮಕ್ಕಳಿಗೆ ಹೊಸದಾಗಿ ದೂರದೃಷ್ಟಿ ಮಂಜಾಗಿತ್ತು, ಬಯಲಿಗೆ ಹೋದವರಲ್ಲಿ 30.4. 2015ರಲ್ಲಿ ಪ್ರಕಟವಾದ ಈ ಅಧ್ಯಯನದ ಮಕ್ಕಳು ಹೊರಗೆ ಹೋಗಿ ಸಾಧಿಸಿದ್ದೇನೂ ಇಲ್ಲ. ಬೆಳಕಿನಲ್ಲಿದ್ದರು, ಅಷ್ಟೆ. ಅಕ್ಕನ ಮೊಮ್ಮಗನಿಗೆ ಹೋದ ವರ್ಷ ಕನ್ನಡಕ ಬಂದಿದೆ. ನಮ್ಮ ಮನೆತನದಲ್ಲಿ ಹನ್ನೊಂದನೇ ವಯಸ್ಸಿಗೆ ಕನ್ನಡಕ ಹಾಕಿದವರಲ್ಲಿ ಅವನೇ ಮೊದಲಿಗ.

ಇನ್ನು ಕಣ್ಣು ಎಂದರೆ ಬರೀ ದೃಷ್ಟಿಯಲ್ಲ. ಮಲೆನಾಡಿನ ಬಗ್ಗೆ ಬರೆಯಲು ಕೂತವರು ತೇಜಸ್ವಿಯವರನ್ನು ಕರೆತರದೆ ಬಿಡುವುದಿಲ್ಲ. ಪಕ್ಕದ ಮೂಡಿಗೆರೆಯವರು, ನಾನೂ ಒಮ್ಮೆ ಕರೆಯುತ್ತೇನೆ. 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊಗೆ ದಾರಿ ತೋರಿಸುವವನು ಮಂದಣ್ಣ, ಊರಿನವರ ಲೆಕ್ಕದಲ್ಲಿ ಯಾವುದಕ್ಕೂ ಬಾರದ ಹುಡುಗ. ಅವನಿಗೆ ಆ ಕಣ್ಣು ಬಂದದ್ದು ಕೆಲಸವಿಲ್ಲದೆ ಅಲೆದು. ಇಂದು ಸರ್ಕಾರದ ಆನೆ ಕಾರ್ಯಪಡೆಯಲ್ಲಿ, ಲದ್ದಿ ಮುಟ್ಟಿ ನೋಡಿ ಎಷ್ಟು ಹೊತ್ತಿನ ಹಿಂದೆ ಹೋಗಿದೆ ಎಂದು ಹೇಳಬಲ್ಲ ಹುಡುಗರೂ ಹಾಗೆ ಅಲೆದವರೇ. ಅವರ ನಂತರ ಆ ಕೆಲಸಕ್ಕೆ ಯಾರು ಬರುತ್ತಾರೆ? ವ್ಯಾನಿನ ಕಿಟಕಿಯಿಂದ ಕಾಡು ನೋಡಿದವರೇ?

ಸರಿ, ಆನೆಗೆ ಬರೋಣ. ಈ ಸೀಮೆಯಲ್ಲಿ ಮಕ್ಕಳನ್ನು ಹೊರಗೆ ಕಳಿಸಿ ಎಂದು ಉಪದೇಶ ಮಾಡುವವನಿಗೆ ಮೊದಲು ಎದುರಾಗುವ ಪ್ರಶ್ನೆ ಅದು, ಮತ್ತು ನ್ಯಾಯವಾದ ಪ್ರಶ್ನೆ. ಆಲೂರು, ಸಕಲೇಶಪುರ, ಬೇಲೂರು ಕಡೆಯ ಆನೆಗಳು ಕಾಡಿನಿಂದ ಬಂದು ಕಾಡಿಗೆ ಹೋಗುವವಲ್ಲ. ಕಾಫಿ ತೋಟವೇ ಅವಕ್ಕೆ ಮನೆ. ಮರಿ ಹಾಕುವುದೂ ಅಲ್ಲೇ. ಹಲಸಿನ ಕಾಯಿ ಬಲಿಯುವ ಮೊದಲೇ ಕೊಯ್ದು ಗುಂಡಿಗೆ ಹಾಕುತ್ತಾರೆ, ಹಣ್ಣಿನ ವಾಸನೆಗೆ ಬಾರದಿರಲಿ ಎಂದು. ಹಲಸಿನ ಹಣ್ಣು ತಿನ್ನದೆ ಬೆಳೆಯುತ್ತಿರುವ ಮಲೆನಾಡಿನ ಮೊದಲ ತಲೆಮಾರು ಇದು ಎಂದು ಅಕ್ಕ ನಗುತ್ತಾಳೆ, ನಗುವ ವಿಷಯವಲ್ಲ. ಎಂಟು ವರ್ಷ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ ಸಲಗದ ದಂತಕ್ಕೆ ಸಿಕ್ಕಿ ಸತ್ತ. ಪಳಗಿದ ಅರ್ಜುನನಿಗೇ ಹೀಗಾದರೆ ಬ್ಯಾಟು ಹಿಡಿದ ಹುಡುಗನ ಗತಿ ಏನು ಎಂದು ಕೇಳಿದ ತಾಯಿಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಆದರೆ ಆ ವಾಟ್ಸಾಪ್ ಗುಂಪಿನ ಸಂದೇಶಗಳನ್ನು ನಾನು ನಾಲ್ಕು ದಿನವೂ ಓದಿದೆ. 2022ರ ಕೊನೆಯಲ್ಲಿ ಸರ್ಕಾರ ಹಾಸನವೂ ಸೇರಿ ಕೆಲವು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ಕಟ್ಟಿತು. ಅವರ ಮಾಹಿತಿ ಈಗ ಊರೂರಿಗೆ ಮುಟ್ಟುತ್ತದೆ. ಆನೆ ಹಗಲು ಹೊತ್ತಿನಲ್ಲಿ ಸಾಮಾನ್ಯವಾಗಿ ಯಾವುದಾದರೊಂದು ತೋಟದ ನೆರಳಿನಲ್ಲಿ ನಿಂತಿರುತ್ತದೆ, ಇಳಿಹೊತ್ತಿಗೆ ಕದಲುತ್ತದೆ, ರಾತ್ರಿಯೆಲ್ಲ ತಿರುಗಿ ಬೆಳಗಿನ ಜಾವ ಇನ್ನೊಂದು ತೋಟ ಸೇರುತ್ತದೆ. ನಮ್ಮ ಮಕ್ಕಳ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬೆಳಿಗ್ಗೆ ಏಳೂಕಾಲರಿಂದ ಸಂಜೆ ಐದೂಕಾಲರವರೆಗೆ, ಅಂದರೆ ಹೊರಗು ಸುರಕ್ಷಿತವಾಗಿರುವ ಅಷ್ಟೂ ಹೊತ್ತು, ಮಗು ವ್ಯಾನಿನಲ್ಲಿ ಇಲ್ಲವೇ ಬೆಂಚಿನ ಮೇಲೆ. ಮಗುವಿಗೆ ಬಿಡುವಾಗುವ ಹೊತ್ತಿಗೆ ಸರಿಯಾಗಿ ಆನೆಗೂ ಬಿಡುವಾಗುತ್ತದೆ. ಹೊರಗನ್ನು ಆನೆ ನುಂಗಿತು ಎನ್ನುತ್ತೇವಲ್ಲ, ಅದು ನುಂಗಿದ್ದು ಸಂಜೆಯನ್ನು ಮಾತ್ರ. ಹಗಲನ್ನು ನುಂಗಿದವರು ಬೇರೆ.

ಹಾಗಾಗಿ ಈ ಸೀಮೆಯಲ್ಲಿ 'ಶಾಲೆ ಬಿಟ್ಟ ಮೇಲೆ ಆಟ' ಎನ್ನುವ ಹಳೆಯ ಕ್ರಮಕ್ಕೆ ಜೀವವಿಲ್ಲ. ಆಟ ಶಾಲೆಯ ಹೊತ್ತಿನೊಳಗೇ ಆಗಬೇಕು, ಹಗಲಿನಲ್ಲಿ, ದಿನವೂ, ಪೂರ್ತಿ ಒಂದು ಗಂಟೆ. ಬೇರೆಲ್ಲಾದರೂ ಇದು ಒಳ್ಳೆಯ ಸಲಹೆ, ಆಲೂರಿನಲ್ಲಿ ಬೇರೆ ದಾರಿಯೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎಂದು ತನ್ನ ಅನುಸೂಚಿಯಲ್ಲೇ ಬರೆದುಕೊಂಡಿದೆ. ಮೈದಾನ ಇರುವ ಕಡೆಯೂ ಪಿ.ಟಿ. ಪೀರಿಯಡ್ಡಿಗೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳಬೇಕು. ನಮ್ಮ ಹುಡುಗನ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪಿ.ಟಿ. ಇವೆ. ಒಂದನ್ನು ಗಣಿತದ ಮೇಡಂ 'ಪೋರ್ಷನ್ ಮುಗಿದಿಲ್ಲ' ಎಂದು ತೆಗೆದುಕೊಳ್ಳುತ್ತಾರೆ, ಇನ್ನೊಂದರಲ್ಲಿ ಮೂವತ್ತೆಂಟು ಮಕ್ಕಳಿಗೆ ಒಂದು ಚೆಂಡು. ಗಣಿತದ ಪೀರಿಯಡ್ಡನ್ನು ಪಿ.ಟಿ. ಮೇಷ್ಟ್ರು ಕೇಳಿ ಪಡೆದ ಉದಾಹರಣೆ ಕನ್ನಡನಾಡಿನ ಇತಿಹಾಸದಲ್ಲಿ ಎಲ್ಲಾದರೂ ಇದ್ದರೆ ತಿಳಿಸಬೇಕು.

ಇದನ್ನು ಬದಲಿಸಬಲ್ಲವರು ತಂದೆತಾಯಿ. ಶಾಲೆಯ ಸಭೆಯಲ್ಲಿ ನಾವು ಮಾರ್ಕ್ಸು ಕೇಳುತ್ತೇವೆ, ಫೀಸು ಯಾಕೆ ಹೆಚ್ಚಿತು ಎಂದು ಕೇಳುತ್ತೇವೆ, ಪಿ.ಟಿ. ಪೀರಿಯಡ್ ಎಲ್ಲಿ ಹೋಯಿತು ಎಂದು ಕೇಳಿದವರನ್ನು ನಾನು ನೋಡಿಲ್ಲ. ಕೇಳಿದರೆ ಆಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಇದೆ. ನೆದರ್ಲೆಂಡ್ಸ್ ಎಂದರೆ ಇಂದು ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳ ಚಿತ್ರ ಕಣ್ಣಿಗೆ ಬರುತ್ತದೆ. 1971ರಲ್ಲಿ ಅದೇ ದೇಶದ ರಸ್ತೆಗಳಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಮಕ್ಕಳು ನಾಲ್ಕುನೂರಕ್ಕೂ ಹೆಚ್ಚು. ಅಪ್ಪ ಅಮ್ಮಂದಿರು ಬೀದಿಗಿಳಿದರು, ರಸ್ತೆಯಲ್ಲಿ ಮಲಗಿದರು, ಮಕ್ಕಳ ಕೊಲೆ ನಿಲ್ಲಿಸಿ ಎಂಬ ಹೆಸರಿನಲ್ಲೇ ಚಳವಳಿ ಕಟ್ಟಿದರು. ರಸ್ತೆಯ ನಕ್ಷೆಯೇ ಬದಲಾಯಿತು. ಅಲ್ಲಿನ ಮಕ್ಕಳು ಹುಟ್ಟಾ ಸೈಕಲ್ ಪ್ರಿಯರೇನಲ್ಲ. ಅವರಿಗೆ ಹೊರಗನ್ನು ದೊಡ್ಡವರು ಜಗಳವಾಡಿ ಗೆದ್ದುಕೊಟ್ಟರು. ನಮ್ಮಲ್ಲಿ ರಾಷ್ಟ್ರೀಯ ಹೆದ್ದಾರಿ 75 ಅಗಲವಾದಂತೆಲ್ಲ ಅದರ ಎರಡು ಬದಿಯ ಊರುಗಳ ಮಕ್ಕಳು ಒಬ್ಬರಿಗೊಬ್ಬರು ಆಡಲು ಸಿಗದಷ್ಟು ದೂರವಾದರು. ಆ ಬಗ್ಗೆ ಯಾವ ಗ್ರಾಮಸಭೆಯಲ್ಲೂ ಒಂದು ಸೊಲ್ಲು ಎದ್ದದ್ದು ನನ್ನ ಕಿವಿಗೆ ಬಿದ್ದಿಲ್ಲ.

ವಾರಾಂತ್ಯದ ವಿಷಯವನ್ನೂ ಹೇಳಿಬಿಡುತ್ತೇನೆ. ಶನಿವಾರ ಬೆಳಿಗ್ಗೆಯಿಂದ ಬೆಂಗಳೂರಿನ ಕಾರುಗಳು ಸಕಲೇಶಪುರದ ಹೋಂಸ್ಟೇಗಳ ಕಡೆ ಸಾಲುಗಟ್ಟುತ್ತವೆ. ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದಿನ ನಕ್ಷತ್ರದಾಕಾರದ ಕೋಟೆ, ಜೇನುಕಲ್ಲು ಗುಡ್ಡ, ಬಿಸಿಲೆ. ಪಕ್ಕದ ಕುಮಾರಪರ್ವತದಲ್ಲಂತೂ 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಎಷ್ಟು ಜನ ಮುತ್ತಿದರೆಂದರೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣವನ್ನೇ ನಿಲ್ಲಿಸಬೇಕಾಯಿತು. ಅವರನ್ನು ಹೀಗಳೆಯಲಾರೆ. ಹದಿನಾಲ್ಕನೇ ಮಹಡಿಯಿಂದ ಮಗುವನ್ನು ಇಳಿಸಿಕೊಂಡು ಇನ್ನೂರು ಕಿಲೋಮೀಟರ್ ದೂರದ ಮಣ್ಣಿಗೆ ಕಾಲಿಡಿಸುವುದೂ ಒಂದು ಪ್ರೀತಿಯೇ. ಆದರೆ ತಿಂಗಳಿಗೊಮ್ಮೆ ಬೆಟ್ಟ ಹತ್ತಿಸಿ ಉಳಿದ ಇಪ್ಪತ್ತೊಂಬತ್ತು ದಿನ ಕೂರಿಸಿದರೆ, ಹೊರಗು ಎನ್ನುವುದು ಜಾತ್ರೆಯ ಬೆಂಡು ಬತ್ತಾಸಿನಂತಾಗುತ್ತದೆ. ಮಂಜರಾಬಾದಿನ ಕೋಟೆಯನ್ನು ಬೆಂಗಳೂರಿನ ಮಕ್ಕಳು ಡ್ರೋನಿನಲ್ಲಿ ಮೇಲಿಂದ ನೋಡಿದ್ದಾರೆ. ಅಕ್ಕನ ಮೊಮ್ಮಗ ಅಷ್ಟು ಹತ್ತಿರವಿದ್ದೂ ಒಮ್ಮೆ ಹೋಗಿದ್ದಾನೆ, ಶಾಲೆಯ ಪ್ರವಾಸದಲ್ಲಿ, ಸಾಲಿನಲ್ಲಿ.

ಕೆಸರುಗದ್ದೆ ಕ್ರೀಡಾಕೂಟಗಳದ್ದೂ ಸುಮಾರಾಗಿ ಇದೇ ಕಥೆ. ಶ್ರಾವಣದಲ್ಲಿ ಸಂಘದವರು ಒಂದು ಗದ್ದೆಯನ್ನು ಉತ್ತು ಹದ ಮಾಡಿ, ಶಾಮಿಯಾನ ಹಾಕಿ, ಅತಿಥಿಗಳನ್ನು ಕರೆಸಿ ಓಟ, ಹಗ್ಗಜಗ್ಗಾಟ ಇಡುತ್ತಾರೆ. ಆಡುವವರಿಗಿಂತ ವಿಡಿಯೊ ಮಾಡುವವರು ಹೆಚ್ಚು. ಮಕ್ಕಳು ಕೆಸರು ಮೆತ್ತಿಕೊಂಡು ಆನಂದಪಡುವುದು ನಿಜ, ಮರುದಿನ ಆ ಕೆಸರು ಎಲ್ಲೂ ಇರುವುದಿಲ್ಲ ಎಂಬುದೂ ನಿಜ.

ಇದಕ್ಕೆ ಎದುರಾಗಿ ನಿಲ್ಲುವಂಥದ್ದು ಪಕ್ಕದ ಜಿಲ್ಲೆಯಲ್ಲೇ ಇದೆ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದರು. ಅಂದು ಬಂದದ್ದು 60 ಮನೆತನ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360. ಸಂಖ್ಯೆಗಿಂತ ನನಗೆ ಹಿಡಿಸಿದ್ದು ತಂಡದ ರಚನೆ. ಕ್ಲಬ್ಬಿಲ್ಲ, ಆಯ್ಕೆ ಸಮಿತಿಯಿಲ್ಲ, ಮನೆತನದ ಹೆಸರಿದ್ದರೆ ಸಾಕು. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಪಿಯುಸಿ ಹುಡುಗಿ, ಒಲಿಂಪಿಕ್ ಆಡಿ ಬಂದವನು ಎಲ್ಲರೂ ಸ್ಟಿಕ್ ಹಿಡಿದು ಇಳಿಯಬಹುದು. ಪಂದ್ಯ ಬೇಸಿಗೆಯಲ್ಲಾದರೆ ತಾಲೀಮಿಗೆ ಮನೆಯಂಗಳದಲ್ಲೇ ಮುಂಚಿನಿಂದ ಚೆಂಡು ಉರುಳುತ್ತದೆ. ಮಗುವನ್ನು ಆಟಕ್ಕೆ ಕಳಿಸಿ ತಾವು ಬೇಲಿಯಾಚೆ ನಿಂತು ಫೋಟೊ ತೆಗೆಯುವ ನಮ್ಮ ಪದ್ಧತಿಗೂ, ಮಗುವಿನ ಪಕ್ಕದಲ್ಲೇ ಏದುಸಿರು ಬಿಡುವ ಈ ಪದ್ಧತಿಗೂ ಭೂಮಿ ಆಕಾಶದ ವ್ಯತ್ಯಾಸ. ಕೊಡವರಿಗೆ ಮನೆತನವಿದೆ, ನಮಗೆಲ್ಲಿ ಎಂದು ಕೇಳಬೇಡಿ. ಇಪ್ಪತ್ತೆಂಟು ಮನೆಯ ಊರೂ ಒಂದು ತಂಡಕ್ಕೆ ಸಾಲುತ್ತದೆ, ದೊಡ್ಡವರನ್ನು ಸೇರಿಸಿಕೊಂಡರೆ. ಒಂಬತ್ತೇ ಮಕ್ಕಳಿರುವ ಊರಿನಲ್ಲಿ ದೊಡ್ಡವರು ಆಡದೆ ವಿಧಿಯಿಲ್ಲ.

ನೆಲ ಎಲ್ಲಿದೆ ಎನ್ನುವುದು ಉಳಿಯುತ್ತದೆ. ಗದ್ದೆ ಮರಳಿ ಬರುವುದಿಲ್ಲ, ಅದರ ಆಸೆ ಬಿಟ್ಟಿದ್ದೇನೆ. ಆದರೆ ಈ ಸೀಮೆಯ ಪ್ರತಿ ತೋಟದಲ್ಲೂ ಗದ್ದೆಗಿಂತ ಮಟ್ಟಸವಾದ ಜಾಗ ಒಂದಿದೆ: ಕಾಫಿ ಒಣಗಿಸುವ ಕಣ. ಸಿಮೆಂಟು ಹಾಕಿದ್ದು, ನೀರು ನಿಲ್ಲದ್ದು, ಮನೆಯ ಕಣ್ಣಳತೆಯಲ್ಲೇ ಇರುವುದು, ಹಲವು ಕಡೆ ಸುತ್ತ ಸೋಲಾರ್ ಬೇಲಿಯೂ ಇರುವುದು. ಅರೇಬಿಕಾ, ರೊಬಸ್ಟಾ ಎರಡೂ ಮುಗಿದ ಮೇಲೆ ವರ್ಷದಲ್ಲಿ ಏಳೆಂಟು ತಿಂಗಳು ಅದು ಖಾಲಿ ಬಿದ್ದು ಪಾಚಿ ಕಟ್ಟುತ್ತದೆ. ಅದರ ಬಳಿಯಲ್ಲೇ ಲೈನ್ ಮನೆಗಳಿರುತ್ತವೆ. ಅಸ್ಸಾಮಿನಿಂದಲೋ ಬಂಗಾಳದಿಂದಲೋ ಬಂದವರ ಮಕ್ಕಳು ಅಲ್ಲಿ ಇದ್ದಾರೆ, ಒಂಬತ್ತರ ಲೆಕ್ಕದಲ್ಲಿ ಅಕ್ಕ ಸೇರಿಸದೇ ಬಿಟ್ಟ ಮಕ್ಕಳು. ಕಣದ ಗೇಟು ತೆಗೆಯುವುದು ಸಣ್ಣ ಕೆಲಸ. ಅಲ್ಲಿ ಯಾರ ಮಕ್ಕಳು ಯಾರ ಜೊತೆ ಆಡಬಹುದು ಎಂಬ ಗೇಟನ್ನು ತೆಗೆಯುವುದೇ ದೊಡ್ಡದು. ಈ ಮಾತನ್ನು ಅಕ್ಕನ ಪಕ್ಕದ ತೋಟದವರ ಮುಂದೆ ಎತ್ತಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡೋಣ, ಕೊಯ್ಲು ಮುಗೀಲಿ" ಎಂದರು.

ಯುಗಾದಿ ಕಳೆದು ಮತ್ತೆ ಹೋದೆ. ಹೂಮಳೆ ಬಿದ್ದು ಹೋಗಿತ್ತು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನು ಟಿಣ್ ಎಂದಿತು. ಆನೆಗಳು ರಾತ್ರಿಯೇ ಹೊಳೆ ದಾಟಿ ಆಚೆ ಕಡೆಯ ತೋಟ ಸೇರಿವೆ. ಹುಡುಗ ಅಜ್ಜಿಯ ಮುಖ ನೋಡಿದ. ಅಕ್ಕ ಸೆರಗು ಸಿಕ್ಕಿಸಿಕೊಂಡು, "ನಾನೂ ಬತ್ತೀನಿ ನಡಿ" ಎಂದು ಚಪ್ಪಲಿ ಮೆಟ್ಟಿದಳು. ಕಣದಲ್ಲಿ ಆಗಲೇ ಲೈನ್ ಮನೆಯ ಮೂವರು ಮಕ್ಕಳು ಇಟ್ಟಿಗೆ ಜೋಡಿಸಿ ವಿಕೆಟ್ ಮಾಡಿದ್ದರು. ಅವರಲ್ಲಿ ದೊಡ್ಡವಳಿಗೆ ಹತ್ತು ವರ್ಷವಿದ್ದೀತು. ಕನ್ನಡ ಅರ್ಧಂಬರ್ಧ, ಬೌಲಿಂಗ್ ಪೂರ್ತಿ. ಎರಡನೇ ಚೆಂಡಿಗೇ ನಮ್ಮ ಹುಡುಗನ ಇಟ್ಟಿಗೆ ಉರುಳಿತು. ಔಟಲ್ಲ, ನೋಬಾಲ್ ಎಂದು ಅವನು, ಔಟು ಎಂದು ಅವಳು, ಹತ್ತು ನಿಮಿಷ ಜಗಳ. ತೀರ್ಪು ಕೊಡಬೇಕಾದ ಅಕ್ಕ ನೋಡೇ ಇರಲಿಲ್ಲ, ಆಟ ಶುರುವಾಗಿದ್ದೂ ಅವಳಿಗೆ ಗೊತ್ತಾಗಿರಲಿಲ್ಲ. ಕೊನೆಗೆ ಅಕ್ಕನ ಕೈಗೇ ಬ್ಯಾಟು ಕೊಟ್ಟರು. ಅರವತ್ತೆಂಟು ವರ್ಷದಲ್ಲಿ ಅವಳು ಬ್ಯಾಟು ಹಿಡಿದದ್ದು ಅದೇ ಮೊದಲು. ಬಟ್ಟೆ ಒಗೆಯುವ ವರಸೆಯಲ್ಲಿ ಎತ್ತಿ ಬೀಸಿದಳು. ಚೆಂಡು ಕಣದ ಕಟ್ಟೆ ಹಾರಿ ರೊಬಸ್ಟಾ ಗಿಡಗಳ ನಡುವೆ ಬಿತ್ತು. ನಾಲ್ಕೂ ಮಕ್ಕಳು ತರಗೆಲೆ ಕೆದರುತ್ತ ಬುಡಬುಡದಲ್ಲಿ ಹುಡುಕುತ್ತಿದ್ದರೆ, ಅಕ್ಕ ಕಟ್ಟೆಯ ಮೇಲೆ ನಿಂತು ಆ ಕಡೆ, ಅಲ್ಲಲ್ಲ ಈ ಕಡೆ ಎಂದು ಕೂಗುತ್ತಿದ್ದಳು. ಫೋನು ಮನೆಯ ಕಿಟಕಿಯಲ್ಲೇ ಉಳಿದಿತ್ತು.